ನೀರು ನಡೆಯುವ ಹೊತ್ತು

ಗುಬ್ಬಿ
೧೮ ಜೂನ್ ೨೦೦೦

ಪೂಜ್ಯ ಉದಯಕುಮಾರ್ ಸರ್ ಅವರಿಗೆ ಗಂಗಾಂಬಿಕೆಯ ಶರಣು.

ಮದುವೆಯಾಗಿ ಗುಬ್ಬಿಗೆ ಬಂದು ಎರಡು ವರ್ಷ ತುಂಬಿದ ಮೇಲೆ ನಿಮಗೆ ಮೊದಲ ಕಾಗದ ಬರೆಯುತ್ತಿದ್ದೇನೆ. ಬೈಯುತ್ತೀರಿ ಎಂದು ಗೊತ್ತು, ಬೈಯಿರಿ. ಈ ತಿಂಗಳಿಂದ ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುವ ಕೆಲಸ ಸಿಕ್ಕಿದೆ. ಎರಡು ಕಂಪ್ಯೂಟರ್, ಎಂಬತ್ತು ಮಕ್ಕಳು. ಹೆಡ್ ಮಾಸ್ಟರಿಗೆ ಕಂಪ್ಯೂಟರಿಗಿಂತ ಅದರ ಮೇಲೆ ಹೊದಿಸುವ ಬಟ್ಟೆಯ ಚಿಂತೆ ಜಾಸ್ತಿ.

ಎರಡು ಸಂಖ್ಯೆ ಕೂಡಿಸುವುದಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ ಮಿಸ್ ಎಂದು ಮೊನ್ನೆ ಒಬ್ಬಳು ಕೇಳಿದಳು. ಆಮೇಲೆ ನೆನಪಾಯಿತು, ನಿಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಯುತ್ತಿದ್ದಾಗ ನಾನು ಬರೆದ ತೂಬಿನಹಳ್ಳಿ ಪ್ರೋಗ್ರಾಂ. ಅಮೃತೂರಿನಾಚೆಯ ಆ ಕೆರೆಯ ಕೆಳಗಿನ ಅರವತ್ತೆಂಟು ಗದ್ದೆ ತಾಕಿಗೆ ಯಾವ ದಿನ, ಯಾವ ಗಂಟೆಗೆ ನೀರು ಎಂದು ಚೀಟಿ ಅಚ್ಚು ಹಾಕುವ ಪ್ರೋಗ್ರಾಂ. ಅಪ್ಪ ತಾತನ ಕಾಲದಿಂದ ತೂಬು ತೆಗೆದು ನೀರು ಹಂಚಿಕೊಂಡು ಬಂದಿದ್ದ ನೀರುಗಂಟಿ ಬೀರಯ್ಯನ ಜೊತೆ ಒಂಬತ್ತು ದಿನ ಕೆರೆ ಏರಿಯ ಮೇಲೆ ಕೂತು, ಅವನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು ಮಾಡಿದ್ದು.

ಪ್ರತಿ ಲೆಕ್ಕದ ಸಾಲಿನ ಮೇಲೂ ಒಂದು ರೆಮ್ ಸಾಲು ಬರೆಸಿದಿರಿ. ಬೇಸಿಕ್ ಭಾಷೆಯಲ್ಲಿ ರೆಮ್ ಎಂದು ಶುರುವಾದ ಸಾಲನ್ನು ಯಂತ್ರ ದಾಟಿಕೊಂಡು ಹೋಗುತ್ತದೆ, ಅದಿರುವುದು ನಾಳೆ ಓದುವ ಮನುಷ್ಯನಿಗೆ ಎಂದು ಕಲಿಸಿದವರು ನೀವೇ. ‘ಏನು ಮಾಡಿದೆ ಅಂತ ಯಂತ್ರಕ್ಕೆ ಹೇಳು, ಯಾಕೆ ಮಾಡಿದೆ ಅಂತ ಮನುಷ್ಯರಿಗೆ ಹೇಳು’ ಎನ್ನುತ್ತಿದ್ದಿರಿ. ಈಗ ಬೋರ್ಡಿನ ಮೇಲೆ ಅದನ್ನೇ ಬರೆದಿದ್ದೇನೆ. ಆ ಪ್ರೋಗ್ರಾಮಿನ ಪ್ರಿಂಟನ್ನೋ ಫ್ಲಾಪಿಯನ್ನೋ ಕಳಿಸಿಕೊಟ್ಟರೆ ಮಕ್ಕಳಿಗೆ ತೋರಿಸುತ್ತೇನೆ.

ಬೀರಯ್ಯನ ವಿಷಯ ಕುಣಿಗಲ್ ಕಡೆಯವರು ಯಾರೋ ಮದುವೆಮನೆಯಲ್ಲಿ ಹೇಳಿದರು. ನೀರು ಮಾರಿಕೊಂಡು ಸಿಕ್ಕಿಬಿದ್ದನಂತೆ, ಕೆಲಸದಿಂದ ತೆಗೆದರಂತೆ. ಆಸೆ ಯಾರನ್ನು ಬಿಟ್ಟಿದೆ ಹೇಳಿ. ಅಂಥವನನ್ನು ನಂಬಿ ನಾನು ಒಂಬತ್ತು ದಿನ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಿಮ್ಮ ವಿದ್ಯಾರ್ಥಿನಿ,
ಗಂಗಾಂಬಿಕೆ


ತುಮಕೂರು
೧೧ ಜುಲೈ ೨೦೦೦

ಚಿ. ಸೌ. ಗಂಗಾಂಬಿಕೆಗೆ ಆಶೀರ್ವಾದಗಳು.

ಕಾಗದ ತಲುಪಿತು. ಕೆಲಸ ಸಿಕ್ಕಿದ್ದು ಸಂತೋಷ. ಇಲ್ಲಿ ಅಡ್ಮಿಷನ್ ಗಲಾಟೆ. ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರೆಲ್ಲ ನಿಂತುಹೋಗುತ್ತವೆ ಎಂದು ಹೆದರಿದ್ದ ಜನ, ನಿಲ್ಲಲಿಲ್ಲ ಎಂದು ಗೊತ್ತಾದ ಮೇಲೆ ಸಾಲುಗಟ್ಟಿ ಬರುತ್ತಿದ್ದಾರೆ.

ತೂಬಿನಹಳ್ಳಿಯ ಫ್ಲಾಪಿಗೆ ಬೂಷ್ಟು ಹಿಡಿದಿದೆ, ಓದಲಾಗುತ್ತಿಲ್ಲ. ಪ್ರಿಂಟು ಸೆಂಟರ್ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು. ಅದರ ಬದಲಿಗೆ ಹಾಸ್ಟೆಲ್ ರೂಮು ಹಂಚುವ ಪ್ರೋಗ್ರಾಂ ಇಟ್ಟಿದ್ದೇನೆ. ಇದು ಬಹಳ ವೇಗವಾಗಿ ಓಡುತ್ತದೆ, ಮಕ್ಕಳಿಗೆ ಇಷ್ಟವಾಗುತ್ತದೆ. ಗುಬ್ಬಿ ಕಡೆ ಮಳೆ ಹೇಗಿದೆ?

ಇತಿ,
ಉದಯಕುಮಾರ್


ಗುಬ್ಬಿ
೨೩ ಜುಲೈ ೨೦೦೦

ಸರ್ ಅವರಿಗೆ ಶರಣು.

ಹಾಸ್ಟೆಲ್ ಪ್ರೋಗ್ರಾಂ ಓಡಿಸಿದೆ. ವೇಗವೇನೋ ಇದೆ. ಆದರೆ ಒಂದು ರೆಮ್ ಸಾಲೂ ಇಲ್ಲ! ನಾನು ಹೀಗೆ ಬರೆದಿದ್ದರೆ ಕಾಗದ ಹರಿದು ಬುಟ್ಟಿಗೆ ಹಾಕುತ್ತಿದ್ದಿರಿ. ಗುರುಗಳಿಗೆ ವಯಸ್ಸಾಯಿತೋ, ಸೋಮಾರಿತನ ಬಂತೋ?

ಪರವಾಗಿಲ್ಲ, ತವರಿನ ಪೆಟ್ಟಿಗೆಯಲ್ಲಿ ನನ್ನ ನೋಟ್‌ಬುಕ್ ಸಿಕ್ಕಿದೆ. ಅದನ್ನೇ ನೋಡಿ ಮತ್ತೆ ಬರೆಯಬಹುದು. ಆರನೇ ದಿನದ ಪುಟದಲ್ಲಿ ಬೀರಯ್ಯನ ಮಾತು ಹಾಗೆಯೇ ಇದೆ. ಆ ಊರಿನ ಕಟ್ಟಳೆ ನಿಮಗೆ ನೆನಪಿರಬೇಕು: ಮೊದಲ ನೀರು ಕಾಲುವೆಯ ಕೊನೆಯ ತಾಕಿಗೆ, ತೂಬಿನ ಪಕ್ಕದವನಿಗೆ ಎಲ್ಲರಿಗಿಂತ ಆಮೇಲೆ. ಯಾಕೆಂದು ಕೇಳಿದ್ದಕ್ಕೆ, ‘ತಲೆ ಕಡೆಯೋನ ಹೊಟ್ಟೆ ತುಂಬುದ್ಮೇಲೆ ಬಾಲದ ಕಡೆಯೋನ ನೆಪ್ಪು ಯಾರ್ಗಿರ್ತದವ್ವ’ ಎಂದಿದ್ದ. ಅದರ ಕೆಳಗೆ: ‘ಆರು ಗಂಟೆಗೆ ತೂಬು ತೆಗುದ್ರೆ ಕೊನೇ ತಾಕು ಮುಟ್ಟೋಕೆ ಹತ್ತು ಗಂಟೆ. ನೀರೂ ನಡ್ಕೊಂಡ್ ಹೋಗ್ಬೇಕಲ್ವಾ.’

ಇಷ್ಟು ತಿಳಿದ ಮನುಷ್ಯ ಹಾಗೆ ಮಾಡಿದನೇ ಎಂದು ಓದುವಾಗ ಬೇಸರವಾಗುತ್ತದೆ. ಅವನ ವಿಷಯ ಬರೆದದ್ದಕ್ಕೆ ನೀವು ಒಂದು ಮಾತೂ ಹೇಳಲಿಲ್ಲ. ಅವನನ್ನು ತೆಗೆದ ಪಂಚಾಯಿತಿಯ ದಿನ ನೀವೂ ಅಲ್ಲಿದ್ದಿರಂತೆ. ಹಾಗಾದರೆ ಅದು ನಿಜವೇ ಇರಬೇಕು.

ಗಂಗಾಂಬಿಕೆ


ತುಮಕೂರು
೩ ಸೆಪ್ಟೆಂಬರ್ ೨೦೦೦

ಗಂಗಾಂಬಿಕೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿಜವಲ್ಲ. ಬೀರಯ್ಯ ನೀರು ಮಾರಲಿಲ್ಲ. ಫ್ಲಾಪಿಗೆ ಬೂಷ್ಟು ಹಿಡಿದಿಲ್ಲ. ನಿನ್ನ ಪ್ರಿಂಟು ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಬೀಗದೊಳಗೆ ಇದೆ.

ನೀನು ಮದುವೆಯಾಗಿ ಹೋದ ವರ್ಷದ ಡಿಸೆಂಬರಿನಲ್ಲಿ ನೀರು ಸಂಘದ ಕಾರ್ಯದರ್ಶಿ ಲಕ್ಷ್ಮೀನರಸಿಂಹಯ್ಯನವರು ಹೇಳಿ ಕಳಿಸಿದರು. ಪಕ್ಕದ ಕೆರೆಗಳವರೂ ಪ್ರೋಗ್ರಾಂ ನೋಡಲು ಬರುತ್ತಾರೆ, ಆದರೆ ಚೀಟಿ ತಯಾರಾಗಲು ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ, ಬಂದವರು ಆಕಳಿಸುತ್ತಾರೆ ಎಂದರು. ಹತ್ತು ನಿಮಿಷದೊಳಗೆ ಮಾಡಿಕೊಡುತ್ತೇನೆ ಎಂದು ಬಾಯಿ ಬಿಟ್ಟೆ. ನಿನ್ನ ಪ್ರೋಗ್ರಾಂ ಪ್ರತಿ ಚೀಟಿಗೂ ಹೆಸರುಗಳ ಫೈಲನ್ನು ಮೊದಲಿಂದ ಓದುತ್ತಿತ್ತು. ಒಂದೇ ಸಲ ಓದಿ ಇಟ್ಟುಕೊಳ್ಳುವಂತೆ ತಿದ್ದಿದೆ. ಇಪ್ಪತ್ತೆರಡು ಆರಕ್ಕೆ ಇಳಿಯಿತು. ಅದು ಒಳ್ಳೆಯ ಕೆಲಸವೇ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಈ ಕಾಗದ ಇರುತ್ತಿರಲಿಲ್ಲ.

ಆದರೆ ವೇಗದ ರುಚಿ ಹತ್ತಿತ್ತು. ರೆಮ್ ಸಾಲುಗಳನ್ನು ದಾಟುವುದಕ್ಕೂ ಯಂತ್ರಕ್ಕೆ ಹೊತ್ತು ಬೇಕಲ್ಲ ಎಂದು ಅವನ್ನೆಲ್ಲ ಅಳಿಸಿದೆ. ಅಷ್ಟೂ ಅಳಿಸಿ ಉಳಿಸಿದ್ದು ಎಷ್ಟು ಗೊತ್ತೇ? ಹನ್ನೊಂದು ಸೆಕೆಂಡು. ಗಡಿಯಾರ ಹಿಡಿದು ಅಳೆದಿದ್ದೆ, ಅದಕ್ಕೇ ನೆನಪಿದೆ.

ಎರಡು ದಿನ ಬಿಟ್ಟು ನೋಡುವಾಗ ಮುನ್ನೂರ ನಲವತ್ತನೇ ಸಾಲು ಕಣ್ಣಿಗೆ ಬಿತ್ತು. ಶುರುವಿನ ಹೊತ್ತಿಗೆ ನಾಲ್ಕು ಕೂಡು. ಯಾಕೆ ನಾಲ್ಕು, ಯಾಕೆ ಕೂಡಬೇಕು, ತಿಳಿಯಲಿಲ್ಲ. ತಿಳಿಸಬೇಕಾದ ಸಾಲನ್ನು ನಾನೇ ಅಳಿಸಿದ್ದೆ. ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತಿದ್ದಾಳೆ ಎಂದುಕೊಂಡೆ. ಗುಬ್ಬಿ ಎಷ್ಟು ದೂರ, ರೈಲಿನಲ್ಲಿ ಅರ್ಧ ಗಂಟೆ. ಬಂದು ಕೇಳಬಹುದಿತ್ತು. ಶಿಷ್ಯೆಯನ್ನು ಕೇಳುವುದೇ ಎನ್ನಿಸಿತು. ಆ ಸಾಲನ್ನೂ ತೆಗೆದೆ.

ಮುಂದಿನದು ನಿನಗೆ ಹೊಳೆದಿರುತ್ತದೆ. ಜನವರಿಯಲ್ಲಿ ತೂಬು ತೆಗೆದರು. ಕೊನೆಯ ನಾಲ್ಕು ತಾಕಿನವರ ಚೀಟಿಯಲ್ಲಿ ಆರರಿಂದ ಹತ್ತರವರೆಗೆ, ತಲೆಗೊಂದು ಗಂಟೆಯಂತೆ, ಅವರ ಸರದಿ. ನೀರು ಅಲ್ಲಿಗೆ ತಲುಪುವುದೇ ಹತ್ತಕ್ಕೆ. ತಲುಪಿದಾಗ ಅದು ಐದನೆಯವನ ನೀರು. ಎರಡು ಸರದಿ ಆ ನಾಲ್ಕು ಮನೆಯವರು ಒಣ ಕಾಲುವೆಯ ಮುಂದೆ ಚೀಟಿ ಹಿಡಿದು ಕೂತು ಎದ್ದುಹೋದರು. ಮೂರನೇ ಸರದಿಗೆ ಬೀರಯ್ಯ ಚೀಟಿ ನೋಡಲಿಲ್ಲ, ನೀರು ನೋಡಿದ. ಹತ್ತಕ್ಕೆ ಬಂದ ನೀರನ್ನು ಕಟ್ಟಕಡೆಯ ಕರಿಬಸಮ್ಮನ ಗದ್ದೆಗೆ ತಿರುಗಿಸಿದ. ಐದನೇ ಚೀಟಿಯ ಅಡವಿಯಪ್ಪ ಅವನ ಕೈ ಹಿಡಿದುಕೊಂಡು ಊರು ಕರೆದ. ವಿಧವೆಯ ಹತ್ತಿರ ಏನೋ ಇಸಿದುಕೊಂಡು ನನ್ನ ನೀರು ಮಾರಿದ್ದಾನೆ ಎಂದು.

ಪಂಚಾಯಿತಿ ಶಾಲೆಯ ಜಗಲಿಯ ಮೇಲೆ ಕೂತಿತ್ತು. ಬೀರಯ್ಯ ಮೆಟ್ಟಿಲ ಕೆಳಗೆ ನಿಂತಿದ್ದ. ನನ್ನನ್ನು ಕರೆಸಿದ್ದರು. ಹಿಂದಿನ ದಿನವೇ ನಿನ್ನ ಪ್ರಿಂಟು ತೆಗೆದು ಹೋಲಿಸಿ ನೋಡಿದ್ದೆ ಗಂಗಾ. ಎಲ್ಲವೂ ಗೊತ್ತಾಗಿತ್ತು. ಹೇಳಿಬಿಡಬೇಕೆಂದೇ ಬಸ್ಸು ಹತ್ತಿದ್ದೆ. ಆದರೆ ಜಗಲಿಯ ಮೇಲೆ ನನಗೊಂದು ಕುರ್ಚಿ ಹಾಕಿದ್ದರು, ಪಕ್ಕದ ಕೆರೆಗಳವರೂ ಬಂದಿದ್ದರು. ಚೀಟಿ ತಪ್ಪಾಗಿರಬಹುದೇ ಎಂದು ಲಕ್ಷ್ಮೀನರಸಿಂಹಯ್ಯ ಕೇಳಿದರು. ನನ್ನ ಬಾಯಿಂದ ಬಂದದ್ದು ಇದು: ‘ಕಂಪ್ಯೂಟರ್‌ಗೆ ಯಾರ ಹಂಗೂ ಇಲ್ಲ ಸ್ವಾಮಿ.’ ಎಲ್ಲರೂ ತಲೆದೂಗಿದರು. ಬೀರಯ್ಯ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ ಸುಮ್ಮನಾದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ನಾನು ಎತ್ತಿನ ಹಾಗೆ ಮೇಯುತ್ತಾ ನಿಂತಿದ್ದೆ. ಮರುವಾರ ಆ ಸಾಲನ್ನು ಮತ್ತೆ ಸೇರಿಸಿ, ಹೊಸ ಫ್ಲಾಪಿ ಎಂದು ಕೊಟ್ಟುಬಂದೆ. ಚೀಟಿ ಸರಿಯಾಯಿತು. ಊರವರು ಏನೆಂದರು ಗೊತ್ತೇ? ಬೀರಯ್ಯ ಹೋದ ಮೇಲೆ ನೋಡಿ, ಕೊನೆಯವರಿಗೂ ಹೊತ್ತಿಗೆ ಸರಿಯಾಗಿ ನೀರು ಸಿಗುತ್ತಿದೆ. ನನ್ನ ತಿದ್ದುಪಡಿಯೇ ಅವನ ಮೇಲೆ ಸಾಕ್ಷಿ ಹೇಳಿತು.

ಅವರು ಕೊಟ್ಟ ಪ್ರಶಂಸಾಪತ್ರ ಸೆಂಟರಿನ ಗೋಡೆಯ ಮೇಲಿದೆ. ನೀರು ಎಂದು ಯಾರಾದರೂ ಬಾಯಿ ತೆರೆದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನಾನು ಆ ಗೋಡೆಯ ಕಡೆ ನೋಡುತ್ತೇನೆ. ನಾಚಿಕೆ ಎಂಬ ಮಾತು ಸಾಲದು. ಬೇರೆ ಮಾತು ನನಗೆ ಗೊತ್ತಿಲ್ಲ.

ಉದಯಕುಮಾರ್


ಗುಬ್ಬಿ
೧೫ ಅಕ್ಟೋಬರ್ ೨೦೦೦

ಸರ್,

ನಿಮ್ಮ ಕಾಗದಕ್ಕೆ ಉತ್ತರ ಬರೆಯುವ ಮೊದಲು ತೂಬಿನಹಳ್ಳಿಗೆ ಹೋಗಿ ಬರೋಣ ಎನ್ನಿಸಿತು. ನಮ್ಮ ಮನೆಯವರು ಜೊತೆಗೆ ಬಂದರು. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬೀರಯ್ಯನವರು ಈಗ ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸುತ್ತಾರೆ. ನೀರಿನ ಕೈ ಮಣ್ಣಿಗೆ ಬಂತು ಎಂದು ಅವರ ಹೆಂಡತಿ ರಂಗಮ್ಮ ಹೇಳಿದರು. ಬೋರಿನ ಹತ್ತಿರ ಕೊಡ ಇಟ್ಟರೆ, ನಿಮಗೇನಮ್ಮ ನೀರಿಗೆ ಬರ ಎಂದು ಹೆಂಗಸರು ಚುಚ್ಚುತ್ತಾರಂತೆ. ಅದಕ್ಕೆ ಎಲ್ಲರೂ ಹೋದ ಮೇಲೆ ನೀರು ತರುತ್ತಾರೆ.

ಬೀರಯ್ಯನವರು ಬಂದು ನನ್ನನ್ನು ನೋಡಿ ಗುರುತು ಹಿಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಕೈಯ ಮಣ್ಣು ತೊಳೆದುಕೊಂಡು ಬಂದು, ಎರಡು ವರ್ಷದಿಂದ ಕಾಯುತ್ತಿದ್ದವರ ಹಾಗೆ ಒಂದೇ ಪ್ರಶ್ನೆ ಕೇಳಿದರು.

‘ನಾಕ್ ಗಂಟೆ ಇಷ್ಯ ನಾನು ನಿಂಗೆ ಹೇಳಿದ್ನಾ ಅವ್ವಾ, ಮರ್ತಿದ್ನಾ?’

ಸರ್, ಆ ಮನುಷ್ಯ ಪಂಚಾಯಿತಿಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಈಗ ಗೊತ್ತಾಯಿತು. ಹೇಳುವುದನ್ನು ತಾನೇ ಮರೆತೆ ಎಂದುಕೊಂಡಿದ್ದರು. ಓದಿದ ಹುಡುಗಿ ಬರೆದುಕೊಂಡಿದ್ದಾಳೆ, ಯಂತ್ರ ಸುಳ್ಳು ಹೇಳುವುದಿಲ್ಲ, ಹಾಗಾದರೆ ತಪ್ಪಿದ್ದು ತನ್ನ ನಾಲಿಗೆ. ಕೊನೆಯ ನಾಲ್ಕು ಮನೆಯವರ ಪೈರು ಒಣಗಿದ್ದು ತನ್ನ ಮರೆವಿನಿಂದ. ಕಳ್ಳ ಎನ್ನಿಸಿಕೊಂಡದ್ದಕ್ಕಿಂತ ಅದೇ ಅವರನ್ನು ತಿಂದಿದೆ. ಕರಿಬಸಮ್ಮನ ಎದುರು ಇವತ್ತಿಗೂ ತಲೆ ಎತ್ತುವುದಿಲ್ಲವಂತೆ.

ನೋಟ್‌ಬುಕ್ ತೆಗೆದು ಆರನೇ ದಿನದ ಪುಟ ಓದಿದೆ. ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಓದು ಬಾರದ ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯ ಅಕ್ಷರದ ತನಕ ಎಳೆದರು. ಆಮೇಲೆ ಹೆಂಡತಿಯನ್ನು ಕರೆದು, ‘ಹೇಳಿದ್ದೆ ಕಣೇ ರಂಗಿ, ಹೇಳೇ ಇದ್ದೆ’ ಎಂದರು.

ನಿಮ್ಮ ಕಾಗದದ ವಿಷಯ ನಾನು ಹೇಳಲಿಲ್ಲ. ಅದು ನಿಮ್ಮ ಬಾಯಿಂದ ಬರಬೇಕು. ನನ್ನ ಪಾಲಿನದನ್ನು ಹೇಳಿದೆ. ಮದುವೆಮನೆಯಲ್ಲಿ ಯಾರೋ ಒಂದು ಮಾತು ಆಡಿದ ಕೂಡಲೇ ನಾನು ನಂಬಿದೆ, ನೋಟ್‌ಬುಕ್ ಪೆಟ್ಟಿಗೆಯಲ್ಲಿದ್ದರೂ ತೆಗೆದು ನೋಡಲಿಲ್ಲ ಎಂದು. ಬುಡವ್ವ ಎಂದರು. ಅವರು ಬಿಟ್ಟರೂ ನನಗೆ ಬಿಡಲಾಗುತ್ತಿಲ್ಲ.

ಗಂಗಾಂಬಿಕೆ


ತುಮಕೂರು
೨೦ ನವೆಂಬರ್ ೨೦೦೦

ಗಂಗಾಂಬಿಕೆ,

ದೀಪಾವಳಿಗೆ ಮುಂಚೆ ಹೋಗುತ್ತೇನೆ ಎಂದುಕೊಂಡಿದ್ದೆ. ಆಮೇಲೆ ಸೆಂಟರಿಗೆ ಸರ್ಕಾರಿ ಮಾನ್ಯತೆ ಕೊಡುವವರು ಪರಿಶೀಲನೆಗೆ ಬರುತ್ತಾರೆ ಎಂದಾಯಿತು. ಈಗ ಈ ಸುದ್ದಿ ಹೊರಬಿದ್ದರೆ ಇಲ್ಲಿ ಕಲಿಯುವ ಮಕ್ಕಳ ಗತಿಯೇನು ಎಂದು ಯೋಚನೆ. ಮಕ್ಕಳದೇ ಯೋಚನೆ ಎಂದು ಬರೆದು, ಅದು ಸುಳ್ಳೆಂದು ಗೊತ್ತಾಗಿ, ಹಾಗೇ ಬಿಟ್ಟಿದ್ದೇನೆ.

ಕುಣಿಗಲ್ ಬಸ್ ಸ್ಟ್ಯಾಂಡ್ ತನಕ ಒಂದು ಸಲ ಹೋಗಿದ್ದೆ. ಅಮೃತೂರಿನ ಬಸ್ಸು ಮುಂದೆಯೇ ನಿಂತಿತ್ತು. ಅದರ ಬೋರ್ಡು ಓದಿ, ಟೀ ಕುಡಿದು, ವಾಪಸು ತುಮಕೂರಿನ ಬಸ್ಸು ಹತ್ತಿದೆ. ನಿನ್ನ ಮುಂದೆ ಮುಚ್ಚಿಟ್ಟು ಏನಾಗಬೇಕು.

ಉದಯಕುಮಾರ್


ಗುಬ್ಬಿ
೮ ಜನವರಿ ೨೦೦೧

ಸರ್,

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಸಂಘದ ಸಭೆ. ಮಾರನೇ ದಿನ, ಇಪ್ಪತ್ತೆರಡನೇ ತಾರೀಖು ಬೆಳಗ್ಗೆ ಆರಕ್ಕೆ ತೂಬು ತೆಗೆಯುತ್ತಾರೆ. ಕಾರ್ಯದರ್ಶಿಗಳನ್ನು ಕೇಳಿ ತಿಳಿದುಕೊಂಡೆ. ನಾನು ಬರುವುದಿಲ್ಲ.

ಗಂಗಾಂಬಿಕೆ


ತುಮಕೂರು
೨೪ ಜನವರಿ ೨೦೦೧

ಪ್ರಿಯ ಗಂಗಾಂಬಿಕೆ,

ಹೋಗಿ ಬಂದೆ.

ಸಭೆ ಅದೇ ಜಗಲಿಯ ಮೇಲೆ. ಕುರ್ಚಿ ಹಾಕಿದರು, ಕೂರಲಿಲ್ಲ. ನಿನ್ನ ಪ್ರಿಂಟನ್ನೂ ನಾನು ಬೋಳಿಸಿದ ಪ್ರಿಂಟನ್ನೂ ಎರಡು ಕೈಯಲ್ಲಿ ಹಿಡಿದು, ಯಾವ ಸಾಲು ಎಲ್ಲಿ ಹೋಯಿತು, ಯಾರು ತೆಗೆದದ್ದು, ಆವತ್ತು ಗೊತ್ತಿದ್ದೂ ಯಾರು ಸುಮ್ಮನಿದ್ದರು ಎಲ್ಲವನ್ನೂ ಹೇಳಿದೆ. ಸಭೆಯಲ್ಲಿ ಒಬ್ಬನಿಗೆ ನಗು ಬಂತು. ಉಳಿದವರಿಗೆ ಬರಲಿಲ್ಲ. ಲಕ್ಷ್ಮೀನರಸಿಂಹಯ್ಯನವರು, ಆದದ್ದು ಆಯಿತು, ಈಗ ಯಾಕೆ ಕೆದಕುವುದು ಎಂದರು. ಪಾಪ, ಆವತ್ತಿನ ತೀರ್ಪು ಬರೆದದ್ದು ಅವರ ಕೈ. ಕರಿಬಸಮ್ಮ ಎದ್ದು ನಿಂತು ಅಡವಿಯಪ್ಪನ ಕಡೆ ನೋಡಿದರು. ಅಡವಿಯಪ್ಪ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, ‘ನಾನ್ ಹಿಡ್ಕೊಂಡಿದ್ದು ಕಳ್ಳನ್ ಕೈ ಅಲ್ವಲ್ಲಪ್ಪ ಹಂಗಾರೆ’ ಎಂದು ತನಗೆ ತಾನೇ ಅಂದುಕೊಂಡ. ತೀರ್ಪನ್ನು ಹೊಡೆದುಹಾಕಿದರು. ತೂಬಿನ ಕೀಲಿ ಮರಳಿ ಬೀರಯ್ಯನವರಿಗೆ ಎಂದು ಬರೆದರು.

ಬೀರಯ್ಯನವರು ಸಭೆಗೆ ಬಂದಿರಲಿಲ್ಲ. ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಸಭೆಯಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ರಂಗಮ್ಮನವರು ಒಳಗೆ ಹೋಗಿಬಿಟ್ಟರು. ಬೀರಯ್ಯನವರು ಪೂರ್ತಿ ಕೇಳಿಸಿಕೊಂಡು, ಬೆಳಗ್ಗೆ ಆರಕ್ಕೆ ತೂಬಿನ ಹತ್ತಿರ ಬನ್ನಿ ಎಂದರು. ಅಷ್ಟೇ. ರಾತ್ರಿ ಶಾಲೆಯಲ್ಲಿ ಮಲಗಿದ್ದು ಎದ್ದು ಹೋದೆ.

ಕೀಲಿ ತಿರುಗಿಸಿದವರು ಅವರೇ. ನೀರು ಕಾಲುವೆಗೆ ಬಿತ್ತು. ‘ಕಾಗ್ದದಾಗೆ ನೋಡಿದ್ದೀರಿ. ನಡುದು ನೋಡಿ’ ಎಂದು ಮುಂದೆ ಹೊರಟರು. ನಾನು ಹಿಂದೆ. ನೀರಿನ ತುದಿ ಎಷ್ಟು ನಿಧಾನ ಹೋಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಣ ಮಣ್ಣು ಕುಡಿಯುತ್ತದೆ, ತರಗೆಲೆ ತಡೆಯುತ್ತದೆ, ಏಡಿ ತೋಡಿದ ಬಿಲವೊಂದು ತುಂಬುವ ತನಕ ಮುಂದಕ್ಕೇ ಹೋಗುವುದಿಲ್ಲ. ಎರಡು ಕಡೆ ನಾವು ಮುಂದೆ ಹೋಗಿ ಅದಕ್ಕಾಗಿ ಕಾದು ಕೂತೆವು. ನನ್ನ ಚಪ್ಪಲಿ ಕೆಸರಲ್ಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡೆ. ನಾನು ಉಳಿಸಿದ ಹನ್ನೊಂದು ಸೆಕೆಂಡು ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಕೊನೆಯ ತಾಕಿನಲ್ಲಿ ಕರಿಬಸಮ್ಮ ಸನಿಕೆ ಹಿಡಿದು ನಿಂತಿದ್ದರು. ಉಳಿದ ಮೂರು ಮನೆಯವರೂ ಇದ್ದರು. ನೀರು ಅವರ ಬದುವಿಗೆ ತಾಗಿದಾಗ ಬೀರಯ್ಯನವರು ನನ್ನ ಕಡೆ ತಿರುಗಿ ಟೈಮ್ ಎಷ್ಟು ಎಂದು ಕೇಳಿದರು. ಹತ್ತಕ್ಕೆ ನಾಲ್ಕು ನಿಮಿಷ ಇತ್ತು. ಹೇಳಿದೆ.

‘ಬರ್ಕೊಳಿ’ ಎಂದರು.

ಜೇಬಿನಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಕರಿಬಸಮ್ಮ ಸೊಂಟದ ಚೀಲದಿಂದ ಮಡಿಸಿದ ಒಂದು ಚೀಟಿ ತೆಗೆದುಕೊಟ್ಟರು. ಆ ವರ್ಷದ್ದು ಗಂಗಾ. ಆರರಿಂದ ಏಳು ಎಂದು ಅಚ್ಚಾಗಿದ್ದ ನನ್ನ ಚೀಟಿ. ಎಸೆಯದೆ ಇಟ್ಟುಕೊಂಡಿದ್ದರು. ಅದರ ಬೆನ್ನಿಗೆ ಬರೆದೆ: ತೂಬಿನಿಂದ ಕೊನೆಯ ತಾಕಿಗೆ ನೀರು ನಡೆಯಲು ನಾಲ್ಕು ಗಂಟೆ ಬೇಕು. ಇದನ್ನು ಹೇಳಿದವರು ನೀರುಗಂಟಿ ಬೀರಯ್ಯ. ಈ ಸಾಲನ್ನು ಯಾರೂ ತೆಗೆಯಬಾರದು.

ಓದಿ ಎಂದರು ಬೀರಯ್ಯನವರು. ನಾಲ್ಕೂ ಮನೆಯವರಿಗೆ ಕೇಳುವಂತೆ ಓದಿದೆ. ಆಮೇಲೆ, ಕೋಪವಿಲ್ಲದ ದನಿಯಲ್ಲಿ, ಬಿಟ್ಟುಹೋದ ಲೆಕ್ಕವೊಂದನ್ನು ನೆನಪಿಸುವ ಹಾಗೆ ಹೇಳಿದರು: ‘ತೆಗ್ದೋರ ಹೆಸ್ರೂ ಬರೀರಿ.’

ಬರೆದೆ. ಅದನ್ನೂ ಓದಿಸಿದರು.

ಪ್ರಶಂಸಾಪತ್ರ ಗೋಡೆಯಿಂದ ಇಳಿಸಿದ್ದೇನೆ. ಹಗುರಾಯಿತೇ ಎಂದು ನೀನು ಕೇಳಬಹುದು. ಇಲ್ಲ. ಆದರೆ ನಿನ್ನ ಪ್ರಿಂಟು, ಫ್ಲಾಪಿ ಎರಡನ್ನೂ ಈಗ ಕಳಿಸುತ್ತಿದ್ದೇನೆ. ರೆಮ್ ಸಾಲುಗಳೆಲ್ಲ ತಿರುಗಿ ಅದರದರ ಜಾಗದಲ್ಲಿವೆ. ಮುನ್ನೂರ ನಲವತ್ತರ ಮೇಲೆ ಮಾತ್ರ ಎರಡು ಸಾಲು ಹೆಚ್ಚಿಗೆ ಇದೆ, ಚೀಟಿಯ ಬೆನ್ನ ಮೇಲೆ ಬರೆದದ್ದೇ. ಮಕ್ಕಳಿಗೆ ತೋರಿಸುವಾಗ ಗುರುಗಳ ಮರ್ಯಾದೆ ಎಂದುಕೊಂಡು ನನ್ನ ಹೆಸರಿರುವ ಸಾಲನ್ನು ಅಳಿಸಬೇಡ.

ಇತಿ,
ಆ ಸಾಲನ್ನು ತೆಗೆದ
ಉದಯಕುಮಾರ್